ಪಿನ್ನು ಹೊಂದಿದ ಮಾತ್ರಕ್ಕೆ

ಕಳೆದ ಶ್ರಾವಣದಲ್ಲಿ ನಮ್ಮ ಭಜನಾ ಕೂಟದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ದೇವರನಾಮದ ನಡುವೆಯೇ ಮೌನ ತಾಳಿತು. ಅದರ ಅಡಾಪ್ಟರು ಯಾರದೋ ಮನೆಯಲ್ಲಿ ಉಳಿದಿತ್ತು. ಹಿರಿಯರೊಬ್ಬರು ಪಕ್ಕದಲ್ಲಿದ್ದ ಇಂಟರ್‌ನೆಟ್ ರೌಟರಿನದನ್ನು ಕಿತ್ತು ಚುಚ್ಚಿದರು. ಪಿನ್ನು ಸಲೀಸಾಗಿ ಕೂತಿತು. ಪೆಟ್ಟಿಗೆಗೆ ಬೇಕಾದದ್ದು 9 ವೋಲ್ಟ್, ಸಿಕ್ಕಿದ್ದು 12. ಹತ್ತು ನಿಮಿಷ ಹಾಡಿ, ಬಿಸಿಯಾಗಿ, ಸುಟ್ಟ ವಾಸನೆ ಬೀರಿತು. ಹಿರಿಯರನ್ನು ಹಲವರು ಆಕ್ಷೇಪಿಸಿದರು. ನಮಗದು ನ್ಯಾಯವೆನಿಸಲಿಲ್ಲ, ಇಂದಿಗೂ ಅನಿಸುವುದಿಲ್ಲ.

ಪೆಟ್ಟಿಗೆಯನ್ನು ಹೊತ್ತು ಲ್ಯಾಮಿಂಗ್ಟನ್ ರಸ್ತೆಗೆ ಹೋದೆವು. ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗವೆಂಬುದು ಅದರ ಅಧಿಕೃತ ಹೆಸರಾದರೂ ಮುಂಬಯಿಯ ಬಾಯಲ್ಲಿ ಉಳಿದಿರುವುದು ಹಳೆಯದೇ. ಅಂಗಡಿಯ ತುಂಬ ತೂಗುವ ಅಡಾಪ್ಟರುಗಳೆಲ್ಲ ಒಂದೇ ಕಪ್ಪು, ಒಂದೇ ಬಾಲ. ಎಷ್ಟು ವೋಲ್ಟ್, ಎಷ್ಟು ಆಂಪಿಯರ್, ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂದು ಅಂಗಡಿಯವನು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ನಮ್ಮ ಕಟ್ಟಡಗಳ ತಾರಸಿಯ ನೀರಿನ ಟಾಂಕಿಯನ್ನು ನೆನೆದರೆ ವಿಷಯ ತಿಳಿಯಾಗುತ್ತದೆ. ವೋಲ್ಟೆಂಬುದು ಟಾಂಕಿಯ ಎತ್ತರ. ಅದು ಹೆಚ್ಚಿದರೆ ನಲ್ಲಿಯ ಮೇಲೆ ಒತ್ತಡ ಹೆಚ್ಚುತ್ತದೆ. ಆದ್ದರಿಂದ ಉಪಕರಣದ ಮೇಲೆ ಬರೆದಷ್ಟೇ ವೋಲ್ಟ್ ಇರಬೇಕು. ಅಡಾಪ್ಟರಿನ ಆಂಪಿಯರಾದರೋ ಟಾಂಕಿಯ ಗಾತ್ರದಂತೆ: ಟಾಂಕಿ ದೊಡ್ಡದೆಂದು ನಲ್ಲಿ ಒಡೆಯದು. ಅರ್ಧ ಆಂಪಿಯರಿನ ಪೆಟ್ಟಿಗೆಗೆ 2 ಆಂಪಿಯರಿನ ಅಡಾಪ್ಟರು ನಿರಪಾಯ. ಕಡಿಮೆಯದಾದರೆ ಅಡಾಪ್ಟರೇ ಬಿಸಿಯಾಗಿ ಕೆಡಬಹುದು. ನಮ್ಮಲ್ಲಿ ಬಹುಮಂದಿ ಹೆದರುವುದು ಆಂಪಿಯರಿಗೆ, ಅಸಡ್ಡೆ ಮಾಡುವುದು ವೋಲ್ಟಿಗೆ! ಇನ್ನು ಪಿನ್ನಿನ ನಡುಭಾಗ ರೌಟರುಗಳಲ್ಲಿ ಸಾಮಾನ್ಯವಾಗಿ ಪ್ಲಸ್, ಸಂಗೀತದ ಕೆಲವು ಉಪಕರಣಗಳಲ್ಲಿ ಮೈನಸ್. ಅಡಾಪ್ಟರಿನ ಹೊರಹರಿವು ಡಿಸಿಯೋ ಎಸಿಯೋ ಎಂಬುದನ್ನೂ ನೋಡಿಕೊಳ್ಳಬೇಕು.

ಇಷ್ಟೆಲ್ಲ ಭೇದಗಳಿಗೆ ಒಂದೇ ಅಳತೆಯ ಪಿನ್ನು ಕೊಟ್ಟವರದೇ ತಪ್ಪು ಎಂಬುದು ನಮ್ಮ ವಾದ. ಇದೇ ಊರಿನಲ್ಲಿ 1925ರ ಫೆಬ್ರವರಿ 3ರಂದು ವಿ.ಟಿ.ಯಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಓಡಿದ್ದು 1500 ವೋಲ್ಟ್ ಡಿಸಿಯಲ್ಲಿ. ಮುಂದೆ ಲೋಕಲ್ ಮಾರ್ಗಗಳನ್ನು 25,000 ವೋಲ್ಟ್ ಎಸಿಗೆ ಬದಲಿಸಿದಾಗ, ನಡುವಿನ ವರ್ಷಗಳಲ್ಲಿ ಎರಡನ್ನೂ ಬಲ್ಲ ಗಾಡಿಗಳನ್ನು ಓಡಿಸಿದರು. ತಂತಿ ಮುಟ್ಟಿತೆಂದು ಯಾವ ಗಾಡಿಯನ್ನಾದರೂ ಬಿಡಲಿಲ್ಲ. ಇಂದಿನ ಯುಎಸ್‌ಬಿ-ಸಿ ಚಾರ್ಜರಿನಲ್ಲಿಯೂ ಆ ವಿವೇಕವಿದೆ: ಉಪಕರಣ ಕೇಳಿದ ಹೊರತು ಅದು 5 ವೋಲ್ಟಿನ ಮೇಲೆ ಹೋಗದು. ಯುರೋಪಿನ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಅದನ್ನೇ ಕಡ್ಡಾಯಗೊಳಿಸಿದೆ. ಶ್ರುತಿಪೆಟ್ಟಿಗೆಯೇನು ಮಾಡಿತ್ತು ಪಾಪ?

ಅದು ಬರುವತನಕ, ಇರುಳೆಯ ಕಾಳಿಗಿಂತ ಸಣ್ಣ ಅಕ್ಷರದಲ್ಲಿ ಮುದ್ರಿಸುವುದನ್ನಾದರೂ ತಯಾರಕರು ಬಿಡಲಿ. ಅರವತ್ತು ದಾಟಿದ ಕಣ್ಣುಗಳೂ ಭಜನೆಗೆ ಬರುತ್ತವೆ. ಹೊಸ ಪೆಟ್ಟಿಗೆಗೆ ಅದರ ಅಡಾಪ್ಟರನ್ನು ದಾರದಿಂದ ಕಟ್ಟಿ, ಚೀಟಿಯ ಮೇಲೆ ದಪ್ಪಕ್ಷರದಲ್ಲಿ ‘9 ವೋಲ್ಟ್, ಡಿಸಿ, ನಡುವೆ ಮೈನಸ್’ ಎಂದು ಕನ್ನಡದಲ್ಲಿಯೇ ಬರೆದು ಅಂಟಿಸಿದ್ದೇವೆ. ಬರೆದವರು ಆ ಹಿರಿಯರೇ.