ಹಿತ್ತಲಿನ ಕಳೆಗೆ ಗ್ಲೈಫೋಸೇಟ್ ಬೇಕೇ?

ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ನಮ್ಮ ಕಚೇರಿಗೆ ಬರುವ ರೈತರು ಬೀಜ ಗೊಬ್ಬರದ ಮಾತು ಮುಗಿಸಿ ಏಳುವ ಮುಂಚೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ: “ಸಾರ್, ಮನೆ ಸುತ್ತ ಕಳೆ ಬೆಳೆದು ಹಾವು ಹರಿದಾಡಿದರೂ ಕಾಣದಂತಾಗಿದೆ. ಯಾವ ಔಷಧಿ ಹೊಡೆಯಬೇಕು?” ಕಳೆಗೆ ಹೊಡೆಯುವುದು ಔಷಧಿಯಲ್ಲ, ವಿಷ. ಅದನ್ನು ಔಷಧಿಯೆಂದು ಕರೆಯುವ ರೂಢಿ ಹಬ್ಬಿಸಿದ್ದರಲ್ಲಿ ನಮ್ಮಂಥವರ ಪಾಲೂ ಇದೆ.

ಈ ಪ್ರಶ್ನೆಗೆ ಕಾನೂನಿನ ಮುಖವೊಂದಿದೆ. ಕೇಂದ್ರ ಕೃಷಿ ಮಂತ್ರಾಲಯವು 2022ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿ, ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಯಾರೂ ಗ್ಲೈಫೋಸೇಟ್ ಬಳಸಕೂಡದೆಂದು ವಿಧಿಸಿತು. ಮನುಷ್ಯರಿಗೂ ಪ್ರಾಣಿಗಳಿಗೂ ಅಪಾಯವಿದೆ ಎಂಬುದು ಅದು ಕೊಟ್ಟ ಕಾರಣ. ಇದಕ್ಕೆ ಮೊದಲೇ, 2015ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ವಿಷವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ಗಳ ಪಟ್ಟಿಗೆ ಸೇರಿಸಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ಒಪ್ಪಲಿಲ್ಲ. ನಮ್ಮಲ್ಲಿ ಉತ್ಪಾದಕರ ಸಂಘ ನ್ಯಾಯಾಲಯದ ಮೆಟ್ಟಿಲೇರಿತು. ವಾದ ವಿವಾದ ಅಲ್ಲಿರಲಿ. ಹಳ್ಳಿಯಲ್ಲಿ ಆದದ್ದೇನು? ಈ ನಿರ್ವಾಹಕರೆಂದರೆ ಪಟ್ಟಣದ ಮನೆಗಳಲ್ಲಿ ಗೆದ್ದಲು, ಜಿರಳೆ ಓಡಿಸುವವರು. ಅವರನ್ನು ಹಳ್ಳಿಯ ಹಿತ್ತಲಿಗೆ ಕರೆಸುವವರಾರು? ಆದೇಶ ಕಾಗದದ ಮೇಲಿದೆ; ಪಂಪು ಪಕ್ಕದ ಮನೆಯ ಹುಡುಗನ ಬೆನ್ನ ಮೇಲಿದೆ, ಅವನ ಕಾಲಲ್ಲಿ ಚಪ್ಪಲಿಯೂ ಇರುವುದಿಲ್ಲ.

ಕಳೆ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಎಟುಕುವುದಿಲ್ಲ ಎನ್ನುತ್ತೀರಿ. ನಿಜ. ಹೊಲದ ಮಟ್ಟಿಗೆ ಆ ಮಾತನ್ನು ತಳ್ಳಿಹಾಕಲಾರೆ. ಆದರೆ ಹಿತ್ತಲಿನ ಸಂಗತಿ ಬೇರೆ. ಅಲ್ಲಿ ಬಾವಿ ಇದೆ, ಕೋಳಿ ಮೇಯುತ್ತದೆ, ಮಗು ಅಂಬೆಗಾಲಿಡುತ್ತದೆ, ನುಗ್ಗೆ ಕರಿಬೇವು ಅಡಿಗೆಮನೆಗೆ ಹೋಗುತ್ತವೆ. ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಬದುವಿನ ಕಳೆಗೆ 2,4-ಡಿ ಹೊಡೆದ ಪಂಪನ್ನು ಎರಡು ಸಲ ನೀರಿನಲ್ಲಿ ತೊಳೆದು, ಅದರಲ್ಲೇ ನಮ್ಮ ತಾಯಿಯ ಕೈತೋಟದ ಟೊಮೇಟೊಗೆ ಬೇವಿನೆಣ್ಣೆ ಸಿಂಪಡಿಸಿದೆ. ಕೆಲವೇ ದಿನಗಳಲ್ಲಿ ಎಲೆಗಳೆಲ್ಲ ತಿರುಚಿ ದಾರದಂತಾದವು. “ಓದಿದ ಮಗ ಮಾಡಿದ ಕೆಲಸ” ಎಂದು ಆಕೆ ಇಂದಿಗೂ ಬಂದವರಿಗೆಲ್ಲ ಹೇಳುತ್ತಾರೆ. ಕಳೆನಾಶಕಕ್ಕೆ ಬಳಸಿದ ಪಂಪು ಬೇರೆ ಯಾವುದಕ್ಕೂ ಬೇಡ.

ಇನ್ನು ಈ ವಿಷ ನಿಜಕ್ಕೂ ಕಳೆಯನ್ನು ತೀರಿಸುತ್ತದೆಯೇ? ಗ್ಲೈಫೋಸೇಟ್ ಹಸಿರೆಲೆಯ ಮೂಲಕ ಒಳಗಿಳಿಯುತ್ತದೆ. ಮಣ್ಣಿಗೆ ಬಿದ್ದದ್ದು ಮಣ್ಣಿನ ಕಣಕ್ಕೆ ಅಂಟಿ ಕೂರುತ್ತದೆ. ಆದುದರಿಂದ ನೆಲದೊಳಗಿನ ಬೀಜಕ್ಕೆ ಅದು ತಟ್ಟುವುದಿಲ್ಲ, ಮೊಳೆಯದೆ ಬಿಡಿಯಾಗಿ ಮಲಗಿರುವ ಗಡ್ಡೆಗೂ ತಟ್ಟುವುದಿಲ್ಲ. ಮುಂದಿನ ಮಳೆಗೆ ಮತ್ತೆ ಅದೇ ಹಸಿರು.

ಗಡ್ಡೆ ಎಂದೊಡನೆ ಜೇಕು ನೆನಪಾಗಬೇಕು. ಕೆಲವು ಕಡೆ ಕೊನ್ನಾರಿ ಎನ್ನುತ್ತಾರೆ. ಇದರ ಗಡ್ಡೆಗಳು ನೆಲದೊಳಗೆ ಸರಪಳಿಯಂತೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಸರಪಳಿ ಇಡಿಯಾಗಿರುವಾಗ ತುದಿಯ ಗಡ್ಡೆ ಚಿಗುರಿ ಉಳಿದವು ನಿದ್ರಿಸುತ್ತವೆ. ಗುದ್ದಲಿಯಿಂದ ಒಮ್ಮೆ ಕೊಚ್ಚಿ ಸುಮ್ಮನಾದಿರೋ, ತುಂಡಾದ ಪ್ರತಿ ಗಡ್ಡೆಯೂ ಎಚ್ಚತ್ತು ಒಂದಕ್ಕೆ ನಾಲ್ಕಾಗುತ್ತದೆ. ಕೊಚ್ಚುವುದಾದರೆ ಎರಡು ಮೂರು ವಾರಕ್ಕೊಮ್ಮೆ ಬಿಡದೆ ಕೊಚ್ಚಬೇಕು. ಹೊಸ ಎಲೆಗಾಗಿ ಕೂಡಿಟ್ಟ ಆಹಾರವನ್ನೆಲ್ಲ ಖರ್ಚು ಮಾಡಿ ಗಡ್ಡೆ ಸೊರಗುತ್ತದೆ. ಇದಕ್ಕಿಂತ ಒಳ್ಳೆಯ ಕಾಲ ಬೇಸಿಗೆ. ಬಹುಪಾಲು ಗಡ್ಡೆಗಳು ಮೇಲಿನ ಒಂದು ಗೇಣಿನಲ್ಲಿಯೇ ಇರುವುದರಿಂದ, ಏಪ್ರಿಲ್‌ನಲ್ಲಿ ಅಷ್ಟು ಆಳ ಅಗೆದು ಹೆಂಟೆ ಮಗುಚಿ ಬಿಸಿಲಿಗೆ ಬಿಡಿ. ಒಣಗಿದ ಗಡ್ಡೆ ಮತ್ತೆ ಮೊಳೆಯದು. ಆರಿಸಿದ ಗಡ್ಡೆಯನ್ನು ತಿಪ್ಪೆಗೆ ಎಸೆಯಬೇಡಿ. ಗೊಬ್ಬರದ ಜೊತೆ ಹೊಲಕ್ಕೆ ಹೋದೀತು. ಮಳೆ ಬಂದೊಡನೆ ಆ ಜಾಗದಲ್ಲಿ ಅಲಸಂದೆಯನ್ನೋ ಗೆಣಸಿನ ಬಳ್ಳಿಯನ್ನೋ ಒತ್ತಾಗಿ ಹಬ್ಬಿಸಿ. ಜೇಕಿಗೆ ನೆರಳಾಗದು. ಒಂದು ವರ್ಷದಲ್ಲಿ ಮುಗಿಯುವ ಕೆಲಸ ಇದಲ್ಲ, ಎರಡು ಮೂರು ಬೇಸಿಗೆ ಹಿಡಿದೀತು.

ಪಾರ್ಥೇನಿಯಂ, ಅಂದರೆ ನಿಮ್ಮ ಕಾಂಗ್ರೆಸ್ ಗಿಡ, ಇದಕ್ಕೆ ತದ್ವಿರುದ್ಧ. ಗಡ್ಡೆಯಿಲ್ಲ, ಬೀಜವೇ ಅದರ ಬಂಡವಾಳ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಐವತ್ತರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಇದು ಈಗ ಕಾಲಿಡದ ಊರಿಲ್ಲ. ಮೈ ತುರಿಕೆ, ಉಬ್ಬಸ ತರುತ್ತದೆ. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮುನ್ನ ಬೇರುಸಹಿತ ಕೀಳಿ. ಕೈಗೆ ಚೀಲವನ್ನಾದರೂ ಸುತ್ತಿಕೊಳ್ಳಿ. ಹೂವಿಲ್ಲದ ಗಿಡ ಕಾಂಪೋಸ್ಟಿಗೆ ಆಗುತ್ತದೆ. ಎಲೆಗಳ ಮೇಲೆ ಕಂದು ಗೀರುಗಳುಳ್ಳ ಬಿಳಿಚಲು ದುಂಬಿ ಕಂಡರೆ ಕೊಲ್ಲಬೇಡಿ. ಅದು ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತತಿ, ಈ ಗಿಡವನ್ನು ತಿಂದು ಬರಲು ಮಾಡುತ್ತದೆ. ಮಳೆಗಾಲದಲ್ಲಿ ಮಾತ್ರ ಅದರ ಕೆಲಸ. ಉಪ್ಪುನೀರು ಹೊಯ್ದರೂ ಗಿಡ ಸುಡುವುದು ನಿಜ. ಕಲ್ಲುಹಾಸಿನ ಸಂದಿಗೆ ಅದು ಸರಿ, ತೋಟದ ಮಣ್ಣಿಗೆ ಬೇಡ.

ನಿಮ್ಮ ಹಿತ್ತಲು ಚೊಕ್ಕಟವಾಗಿದ್ದು ರಸ್ತೆಬದಿಯ ಗಿಡ ಹೂ ಬಿಟ್ಟರೆ ಬೀಜ ಮತ್ತೆ ನಿಮ್ಮಲ್ಲಿಗೇ ಬರುತ್ತದೆ. ಆ ರಸ್ತೆಬದಿ ಪಂಚಾಯಿತಿಯದು. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ, ಆಗಸ್ಟ್‌ಗೆ ಮುಂಚೆ ಕೀಳಿಸಲು ಕೇಳಿ.

ಕಡೆಯದಾಗಿ, ಹೊಲಕ್ಕೆಂದು ತಂದು ಮಿಕ್ಕ ಕಳೆನಾಶಕವನ್ನು ಸಾರಾಯಿ ಬಾಟಲಿಗೋ ತಂಪುಪಾನೀಯದ ಬಾಟಲಿಗೋ ಬಗ್ಗಿಸಿ ಅಟ್ಟದ ಮೇಲಿಟ್ಟಿದ್ದರೆ ಇಂದೇ ತೆಗೆಯಿರಿ. ಅದರಲ್ಲೂ ಪ್ಯಾರಾಕ್ವಾಟ್ ಒಂದು ಗುಟುಕು ಹೊಟ್ಟೆ ಸೇರಿದರೂ ಅದಕ್ಕೆ ಪ್ರತಿವಿಷವಿಲ್ಲ. ಮಿಕ್ಕದ್ದು ಚೀಟಿಯಿರುವ ಮೂಲ ಡಬ್ಬಿಯಲ್ಲೇ ಇರಲಿ, ಮನೆಯ ಹೊರಗೆ, ಬೀಗದೊಳಗಿರಲಿ. ಅನಾಹುತವಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಹೊತ್ತು ಕಳೆಯದೆ ರೋಗಿಯೊಡನೆ ಆ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷವೆಂಬುದು ವೈದ್ಯರಿಗೆ ಕೂಡಲೇ ಗೊತ್ತಾಗಬೇಕು.