ವರ್ಷ ತುಂಬಿದರೆ ಕೈ ಪಳಗಿದಂತಲ್ಲ

2020ರ ಏಪ್ರಿಲ್ ಕೊನೆಯಲ್ಲಿ ಕೇಂದ್ರ ಸರ್ಕಾರ ಕೋವಿಡ್ ಅಪಾಯಕ್ಕೆ ತಕ್ಕಂತೆ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದಾಗ ತಮಿಳುನಾಡಿನಲ್ಲಿ ಹಸಿರು ವಲಯಕ್ಕೆ ಸೇರಿದ್ದು ಕೃಷ್ಣಗಿರಿ ಒಂದೇ. ಅದರಿಂದ ಅಲ್ಲಿನ ರೋಗಿಗಳಿಗೆ ಹೆಚ್ಚೇನೂ ಅನುಕೂಲವಾಗಲಿಲ್ಲ. ಹೊಸೂರು, ತಳಿ, ಡೆಂಕಣಿಕೋಟೆಯ ಜನ ದೊಡ್ಡ ಕಾಯಿಲೆ ಬಂದರೆ ಅತ್ತಿಬೆಲೆ ದಾಟಿ ಬೆಂಗಳೂರಿಗೆ ಬರುವವರು: ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ, ನರರೋಗಕ್ಕೆ ನಿಮ್ಹಾನ್ಸ್. ಗಡಿ ದಾಟಲು ಇ-ಪಾಸ್ ಬೇಕಾಯಿತು. ದಾಟಿದರೂ, ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕೆಂದು ಮಾರ್ಚ್‌ನಲ್ಲೇ ಸೂಚನೆ ಹೊರಟಿತ್ತು.

ಹೀಗೆ ಬಾರದೆ ಉಳಿದ ರೋಗಿಗಾಗಿ ಆಸ್ಪತ್ರೆಯೊಳಗೆ ಇನ್ನೊಬ್ಬರು ಕಾಯುತ್ತಿದ್ದರು. ಅವರು ಎಂಎಸ್, ಎಂಡಿ ಓದುತ್ತಿದ್ದ ಸ್ನಾತಕೋತ್ತರ ವಿದ್ಯಾರ್ಥಿಗಳು, ಅಂದರೆ ಪಿಜಿಗಳು. ಹರ್ನಿಯಾ, ಪಿತ್ತಕೋಶದ ಕಲ್ಲು, ಕಣ್ಣಿನ ಪೊರೆಯಂಥ ದಿನನಿತ್ಯದ ಶಸ್ತ್ರಚಿಕಿತ್ಸೆಗಳಲ್ಲೇ ಅವರ ಕೈ ಪಳಗಬೇಕು. ಮೊದಲು ನೋಡಿ, ಆಮೇಲೆ ಜೊತೆಗೆ ನಿಂತು, ಕೊನೆಗೆ ಹಿರಿಯರ ಕಣ್ಣೆದುರಿಗೆ ತಾವೇ ಮಾಡಿ ಕಲಿಯುವ ವಿದ್ಯೆ ಅದು. ಆಗ ನಿಂತದ್ದೂ ಆ ಶಸ್ತ್ರಚಿಕಿತ್ಸೆಗಳೇ. ವಿಕ್ಟೋರಿಯಾ ಆಸ್ಪತ್ರೆ ಕೋವಿಡ್‌ಗೆ ಮೀಸಲಾಯಿತು. ಓಟಿಯಲ್ಲಿರಬೇಕಾದ ಪಿಜಿಗಳು ಪಿಪಿಇ ತೊಟ್ಟು ವಾರ್ಡಿನಲ್ಲಿ ನಿಂತರು. ಮೊದಲ ಅಲೆಯ 12 ವಾರಗಳಲ್ಲಿ ಜಗತ್ತಿನಾದ್ಯಂತ ಸುಮಾರು 2.8 ಕೋಟಿ ಪೂರ್ವನಿಗದಿತ ಶಸ್ತ್ರಚಿಕಿತ್ಸೆಗಳು ರದ್ದಾಗಬಹುದು ಅಥವಾ ಮುಂದಕ್ಕೆ ಹೋಗಬಹುದು ಎಂದು ಕೋವಿಡ್‌ಸರ್ಜ್ ಎಂಬ ಸಂಶೋಧನಾ ತಂಡ ಅಂದಾಜಿಸಿತ್ತು.

ಕಲಿಕೆ ಕಡಿಮೆಯಾಯಿತು ಎಂದಷ್ಟೇ ಹೇಳಿದರೆ ಚಿತ್ರ ಪೂರ್ಣವಾಗದು. ಅದು ವಕ್ರವಾಯಿತು. ಉಸಿರುನಾಳಕ್ಕೆ ಕೊಳವೆ ಹಾಕುವ ಕೆಲಸವನ್ನೇ ನೋಡಿ. ಸೋಂಕು ಹರಡುವ ಅಪಾಯ ಹೆಚ್ಚೆಂದು, ತಂಡದಲ್ಲಿ ಅತ್ಯಂತ ಅನುಭವಿಯೇ ಅದನ್ನು ಮಾಡಬೇಕೆಂಬ ಸಲಹೆ ಎಲ್ಲೆಡೆ ಬಂತು. ರೋಗಿಯ ದೃಷ್ಟಿಯಿಂದ ಅದು ಸರಿ. ಆದರೆ ಕಿರಿಯ ಅರಿವಳಿಕೆ ವೈದ್ಯರಿಗೆ ಅವಕಾಶ ತಪ್ಪಿತು. ಎಂಡೋಸ್ಕೋಪಿ ಕೋಣೆಯಿಂದಲೂ ಕಲಿಯುವವರನ್ನು ಹೊರಗಿಟ್ಟರು. 2021ರಲ್ಲಿ ಕಪ್ಪು ಶಿಲೀಂಧ್ರ ಬಂದಾಗ ಬೌರಿಂಗ್‌ನಂಥ ಆಸ್ಪತ್ರೆಗಳಲ್ಲಿ ಇಎನ್‌ಟಿ ವಿಭಾಗಕ್ಕೆ ಬಿಡುವೇ ಇರಲಿಲ್ಲ. ಸೈನಸ್‌ನಿಂದ ಕೊಳೆತ ಭಾಗ ತೆಗೆಯುವುದನ್ನು ಕಲಿಯಲು ಸಿಕ್ಕಷ್ಟು ಅವಕಾಶ ಕಿವಿಯ ಸೂಕ್ಷ್ಮ ಶಸ್ತ್ರಚಿಕಿತ್ಸೆಗೆ ಸಿಗಲಿಲ್ಲ.

ಇದರ ಮೇಲೆ ಪ್ರವೇಶ ಪರೀಕ್ಷೆಯ ಗೊಂದಲ. 2021ರ ಏಪ್ರಿಲ್ 18ಕ್ಕೆ ನಿಗದಿಯಾಗಿದ್ದ ನೀಟ್-ಪಿಜಿ ನಡೆದದ್ದು ಸೆಪ್ಟೆಂಬರ್ 11ಕ್ಕೆ. ಮೀಸಲಾತಿ ವ್ಯಾಜ್ಯದಿಂದ ಕೌನ್ಸೆಲಿಂಗ್ ಶುರುವಾಗಲು 2022ರ ಜನವರಿ ಬೇಕಾಯಿತು. ಹೊಸ ಬ್ಯಾಚ್ ಬಾರದ್ದರಿಂದ ಇದ್ದವರೇ ಕೆಳಗಿನವರ ಕೆಲಸವನ್ನೂ ಹೊತ್ತರು. ಇಷ್ಟಾದರೂ ಪದವಿಯ ಅಳತೆಗೋಲು ಮಾತ್ರ ಬದಲಾಗಲಿಲ್ಲ: ಮೂರು ವರ್ಷ, ಒಂದು ಪ್ರಬಂಧ, ಒಂದು ಪರೀಕ್ಷೆ.

ದೋಷ ಇರುವುದು ಇಲ್ಲೇ. ಮಾಡಿದ ಕೆಲಸವನ್ನು ಬರೆದಿಡುವ ಲಾಗ್‌ಬುಕ್ ಎಲ್ಲ ಪಿಜಿಗಳ ಬಳಿಯೂ ಇದೆ. ಯಾವ ಶಸ್ತ್ರಚಿಕಿತ್ಸೆಯನ್ನು ಎಷ್ಟು ಸಲ ಸ್ವತಃ ಮಾಡಿದರು, ಹಿರಿಯರ ನೆರವಿಲ್ಲದೆ ಎಲ್ಲಿಯವರೆಗೆ ಹೋಗಬಲ್ಲರು ಎಂಬುದೇ ಉತ್ತೀರ್ಣತೆಯನ್ನು ನಿರ್ಧರಿಸಬೇಕು. ಕಡಿಮೆ ಬಿದ್ದವರಿಗೆ ಸಂಬಳ ಸಹಿತ ಹೆಚ್ಚುವರಿ ತಿಂಗಳು ಕೊಡಬೇಕು. ಅದನ್ನು ಶಿಕ್ಷೆಯೆಂದು ಯಾರೂ ಕಾಣಬಾರದು.

ರೋಗಿಗಳಿಲ್ಲದ ಕಾಲಕ್ಕೆ ಕೃತಕ ಮಾದರಿಗಳೂ ನೆರವಾಗುತ್ತವೆ. ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ನಾಲ್ಕು ದೇಶಗಳ ಕಣ್ಣಿನ ತರಬೇತಿ ವೈದ್ಯರ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಒಲಿಂಪಿಕ್ಸ್ ಎಂಬ ಅಧ್ಯಯನದಲ್ಲಿ, ಕೃತಕ ಕಣ್ಣಿನ ಮೇಲೆ ತೀವ್ರ ಅಭ್ಯಾಸ ಮಾಡಿದವರು ಮುಂದೆ ಹೆಚ್ಚು ಪೊರೆ ಶಸ್ತ್ರಚಿಕಿತ್ಸೆ ಮಾಡಿದರು, ಅವರ ಕೈಯಲ್ಲಿ ತೊಡಕುಗಳೂ ಕಡಿಮೆಯಾದವು.

ಈ ತರಬೇತಿಯ ಕೊರತೆ ಬೆಂಗಳೂರಿನ ಕಾಲೇಜುಗಳ ಒಳಗಿನ ವಿಚಾರವಾಗಿ ಉಳಿದಿಲ್ಲ. 2022ರ ಜನವರಿ 12ರಂದು ಉದ್ಘಾಟನೆಯಾದ ತಮಿಳುನಾಡಿನ 11 ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಕೃಷ್ಣಗಿರಿಯದೂ ಒಂದು. ಅಲ್ಲಿ ಪಾಠ ಹೇಳುವವರು, ಹೊಸೂರಿನ ಓಟಿಯಲ್ಲಿ ಕತ್ತರಿ ಹಿಡಿಯುವವರು ಕೋವಿಡ್‌ನ ಆ ಎರಡು ವರ್ಷಗಳ ಬ್ಯಾಚಿನಿಂದಲೂ ಬರುತ್ತಾರೆ. ಪಿಜಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ನಿಯಮ ಈಗಾಗಲೇ ಇದೆ. ಆ ಮೂರು ತಿಂಗಳಲ್ಲಿ ಅವರನ್ನು ಹೊರರೋಗಿ ಚೀಟಿ ಬರೆಯಲು ಕೂರಿಸದೆ, ಅನುಭವಿ ಸರ್ಜನ್ ಪಕ್ಕದಲ್ಲಿ ನಿಲ್ಲಿಸಿ ಹರ್ನಿಯಾ, ಸಿಸೇರಿಯನ್, ಮೂಳೆ ಮುರಿತದ ಶಸ್ತ್ರಚಿಕಿತ್ಸೆಗಳನ್ನು ಮಾಡಿಸುವುದಾದರೆ, ಅತ್ತಿಬೆಲೆ ಗೇಟು ಮತ್ತೊಮ್ಮೆ ಮುಚ್ಚುವ ದಿನ ಬಂದರೂ ಡೆಂಕಣಿಕೋಟೆಯ ರೋಗಿಗೆ ಹೊಸೂರಿನಲ್ಲೇ ಶಸ್ತ್ರಚಿಕಿತ್ಸೆ ಆದೀತು.