ಕೈನೇಯ್ಗೆಯ ಮಾನಕ ಕೈಮಗ್ಗದ ಸಮಿತಿಯ ಕೆಳಗೇ ಬರಲಿ
ಮೊಳಕಾಲ್ಮುರು ರೇಷ್ಮೆ ನೇಕಾರರು ಮತ್ತು ಚಳ್ಳಕೆರೆ ಕಂಬಳಿ ನೇಕಾರರ ಹಕ್ಕೊತ್ತಾಯ ಪತ್ರ

ಇವರಿಗೆ: ಭಾರತೀಯ ಮಾನಕ ಬ್ಯೂರೋದ ಜವಳಿ ವಿಭಾಗ, ಕೇಂದ್ರ ಜವಳಿ ಸಚಿವಾಲಯ, ರಾಜ್ಯ ಕೈಮಗ್ಗ ಮತ್ತು ಜವಳಿ ಇಲಾಖೆ



ಜವಳಿ ಮಾನಕಗಳನ್ನು ರೂಪಿಸಲು ರೇಷ್ಮೆಗೊಂದು, ಉಣ್ಣೆಗೊಂದು, ಕೈಮಗ್ಗ ಮತ್ತು ಖಾದಿಗೊಂದು ಸಮಿತಿ ಇದೆ. ಈ ಹಂಚಿಕೆಯಲ್ಲಿ ಮೊಳಕಾಲ್ಮುರು ಸೀರೆಯನ್ನು ರೇಷ್ಮೆಯ ಲೆಕ್ಕಕ್ಕೆ, ಚಳ್ಳಕೆರೆ ಕಂಬಳಿಯನ್ನು ಉಣ್ಣೆಯ ಲೆಕ್ಕಕ್ಕೆ ಬರೆದುಕೊಂಡರೆ ಅಳತೆಗೆ ಸಿಗುವುದು ನೂಲು ಮಾತ್ರ, ನೇಯ್ಗೆಯಲ್ಲ.

ಗುಂಡಿ ಮಗ್ಗದಲ್ಲಿ ಕೂತ ನೇಕಾರ ಮೂರು ಲಾಳಿ ಆಡಿಸಿ ಸೀರೆಯ ಒಡಲಿಗೆ ಬೇರೆ ಬಣ್ಣದ ಅಂಚು ಕೂಡಿಸುತ್ತಾನೆ. ಆ ಕೂಡುಗೆರೆಯಲ್ಲಿ ಎಳೆಗೆ ಎಳೆ ಸಿಕ್ಕಿಕೊಂಡ ಗುರುತು ಉಳಿಯುತ್ತದೆ. ಕಂಬಳಿಗೆ ಕುರಿಯ ಕರಿ ಉಣ್ಣೆಯನ್ನು ಕೈಯಲ್ಲೇ ನೂತು, ಹಾಸುನೂಲಿಗೆ ಹುಣಸೆ ಬೀಜದ ಸರಿ ಬಳಿದು, ಬಿಸಿಲಿಗೆ ಒಣಗಿಸಿ ನೇಯುತ್ತೇವೆ. ನೂಲು ಒಂದೆಡೆ ದಪ್ಪ, ಒಂದೆಡೆ ಸಣ್ಣ. ಎಲ್ಲ ಎಳೆಯೂ ಒಂದೇ ಸಮ ಇರಬೇಕೆನ್ನುವ ಮಾನಕದಲ್ಲಿ ಇವೆರಡೂ ದೋಷಗಳಾಗುತ್ತವೆ, ಯಂತ್ರದ ಬಟ್ಟೆ ಪಾಸಾಗುತ್ತದೆ.

1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ ಮೀಸಲಾದ 11 ಬಗೆಗಳಲ್ಲಿ ಸೀರೆಯೂ ಇದೆ, ಕಂಬಳಿಯೂ ಇದೆ. ಮೊಳಕಾಲ್ಮುರು ಸೀರೆಗೆ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಆದರೆ ನೇಕಾರರ ಮಾತು ದೆಹಲಿಗೆ ತಲುಪಲು ಇದ್ದ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು 2020ರ ಜುಲೈನಲ್ಲಿ ರದ್ದು ಮಾಡಲಾಯಿತು. ಅಲ್ಲಿ ಕಳೆದುಕೊಂಡ ದನಿಯನ್ನು ಮಾನಕ ಸಮಿತಿಯಲ್ಲಿ ಕೇಳುತ್ತಿದ್ದೇವೆ.

ನಮ್ಮ ಹಕ್ಕೊತ್ತಾಯಗಳು:

1. ಕೈಯಿಂದ ನೇಯ್ದ ಸೀರೆ ಮತ್ತು ಕಂಬಳಿಯ ಮಾನಕಗಳ ಹೊಣೆಯನ್ನು ಕೈಮಗ್ಗ ಮತ್ತು ಖಾದಿ ಸಮಿತಿಗೇ ವಹಿಸಬೇಕು.

2. ರೇಷ್ಮೆ ಮತ್ತು ಉಣ್ಣೆ ಸಮಿತಿಗಳು ನೂಲಿನ ಪರೀಕ್ಷೆಯ ಬಗ್ಗೆ ಸಲಹೆ ಕೊಡುವುದಕ್ಕಷ್ಟೇ ಸೀಮಿತವಾಗಿರಬೇಕು.

3. ಈ ಮಾನಕಗಳ ಉಪಸಮಿತಿಯಲ್ಲಿ ಅರ್ಧದಷ್ಟು ಸ್ಥಾನಗಳು ಮಗ್ಗದ ಮೇಲೆ ದುಡಿಯುವವರಿಗೆ ಸಿಗಬೇಕು, ಅವರಲ್ಲಿ ನೂಲುವ ಮತ್ತು ಕಂಡಿಕೆ ಸುತ್ತುವ ಹೆಂಗಸರೂ ಇರಬೇಕು.

4. ವಿದ್ಯುತ್ ಮಗ್ಗದ ವ್ಯವಹಾರದಲ್ಲಿ ಲಾಭದ ಪಾಲು ಇರುವವರಿಗೆ ಕೈಮಗ್ಗದ ಮಾನಕದ ತೀರ್ಮಾನದಲ್ಲಿ ಮತ ಇರಕೂಡದು.

5. ಕರಡು ಮಾನಕವನ್ನು ಕನ್ನಡದಲ್ಲಿ ಪ್ರಕಟಿಸಬೇಕು, ಕನ್ನಡದಲ್ಲಿ ಬರೆದ ಆಕ್ಷೇಪಣೆಗೆ ಕನ್ನಡದಲ್ಲೇ ಕಾರಣಸಹಿತ ಉತ್ತರ ಕೊಡಬೇಕು.

6. ಕರಡು ಅಂತಿಮವಾಗುವ ಮುನ್ನ ಮೊಳಕಾಲ್ಮುರು ಮತ್ತು ಚಳ್ಳಕೆರೆಯಲ್ಲಿ ತಲಾ ಒಂದು ಬಹಿರಂಗ ವಿಚಾರಣೆ ಮಗ್ಗಗಳಿರುವ ಕೇರಿಯಲ್ಲೇ ನಡೆಯಬೇಕು.

7. ಕೂಡುಗೆರೆಯ ಎಳೆಗಳನ್ನೂ ಕೈನೂಲಿನ ಏರುಪೇರನ್ನೂ ದೋಷದ ಪಟ್ಟಿಯಿಂದ ಹೊರಗಿಟ್ಟು ಕೈನೇಯ್ಗೆಯ ಲಕ್ಷಣಗಳೆಂದು ಮಾನಕದಲ್ಲಿ ಬರೆಯಬೇಕು.

8. ಪರೀಕ್ಷೆ ಮತ್ತು ಪ್ರಮಾಣಪತ್ರದ ಖರ್ಚನ್ನು ಸರ್ಕಾರ ಭರಿಸಬೇಕು, ಅದು ನೇಕಾರರ ಕೂಲಿಯಿಂದ ಮುರಿದುಕೊಳ್ಳುವಂತಾಗಬಾರದು.

9. ಮೀಸಲಾದ ಬಗೆಗಳನ್ನು ಯಂತ್ರದಲ್ಲಿ ನೇಯುವವರ ಮೇಲೆ 1985ರ ಕಾಯ್ದೆಯಡಿ, ಯಂತ್ರದ ಸೀರೆಯನ್ನು ಮೊಳಕಾಲ್ಮುರು ಸೀರೆಯ ಹೆಸರಿನಲ್ಲಿ ಮಾರುವವರ ಮೇಲೆ ಭೌಗೋಳಿಕ ಗುರುತಿನ ಕಾಯ್ದೆಯಡಿ ಪ್ರಕರಣ ದಾಖಲಿಸಬೇಕು.

10. ಐದು ವರ್ಷಕ್ಕೊಮ್ಮೆ ಮಾನಕದ ಮರುಪರಿಶೀಲನೆ ನಡೆಯುವಾಗ ಇದೇ ನೇಕಾರ ಪ್ರತಿನಿಧಿಗಳ ಉಪಸಮಿತಿಯೇ ಕೂರಬೇಕು.

ಈ ಪತ್ರಕ್ಕೆ 60 ದಿನಗಳೊಳಗೆ ಅಂಶವಾರು ಲಿಖಿತ ಉತ್ತರ ಕೊಡಿ. ಉತ್ತರ ಬರುವ ತನಕ ಯಾವ ಕರಡಿನ ಮೇಲೂ ‘ನೇಕಾರರ ಒಪ್ಪಿಗೆ ಇದೆ’ ಎಂದು ಬರೆಯಬೇಡಿ. ಆ ಒಪ್ಪಿಗೆಯನ್ನು ನಾವು ಕೊಟ್ಟಿಲ್ಲ.